ಇಪ್ಪತ್ತನೇ ಅಧ್ಯಾಯದಿಂದ ಮುಂದೆ

ಗಿಣಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಮೂರು ವರ್ಷದವಳಿದ್ದಾಗ ಬಾಯಿಗೆ ಬಿಡುವೇ ಕೊಡದೆ ಮಾತಾಡುತ್ತಿದ್ದಳೆಂದು ಅಕ್ಕ ಇಟ್ಟ ಹೆಸರು. ಐವತ್ತಮೂರು ದಾಟಿದರೂ ಹೆಸರು ಹಾಗೇ ಉಳಿದಿತ್ತು. ಮಾತು ಮಾತ್ರ ಉಳಿದಿರಲಿಲ್ಲ.

ಅವಳು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನ್ ಆಪರೇಟರ್. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ, ಕಿವಿಗೆ ಮಾತ್ರ ಮೂರು ಸಲ ಬದಲಾದ ಹೆಡ್‌ಫೋನು. "ನಮಸ್ಕಾರ, ನೀರು ಸರಬರಾಜು ದೂರು ವಿಭಾಗ, ಹೇಳಿ" ಎಂದು ದಿನಕ್ಕೆ ನೂರು ಸಲವಾದರೂ ಅನ್ನುತ್ತಿದ್ದಳು. ಆ ಕಡೆಯಿಂದ ಬರುವವರೆಲ್ಲ ಮೊದಲೇ ಬಿಸಿಯಾಗಿರುತ್ತಿದ್ದರು. ನಲ್ಲಿಯಲ್ಲಿ ನೀರಿಲ್ಲ, ಬಂದರೆ ಕೆಂಪಾಗಿ ಬರುತ್ತೆ, ಪೈಪ್ ಒಡೆದು ರಸ್ತೆಯೆಲ್ಲ ಹೊಳೆ. ಎಲ್ಲರ ಬೈಗುಳಕ್ಕೂ ಒಂದೇ ಜೇನಿನಂಥ ದನಿಯಲ್ಲಿ ಉತ್ತರ ಕೊಡಬೇಕು. ಸಂಜೆ ಆರಕ್ಕೆ ಮೂರು ಮಹಡಿ ಹತ್ತಿ ಮನೆ ಬಾಗಿಲು ತಟ್ಟುವ ಹೊತ್ತಿಗೆ ಅವಳ ನಾಲಿಗೆ ಒಣಗಿದ ಚರ್ಮದಂತಾಗಿರುತ್ತಿತ್ತು. ಚಪ್ಪಲಿ ಬಿಟ್ಟು, ಒಂದು ಲೋಟ ಬಿಸಿನೀರು ಕುಡಿದು, ಗೋಡೆಗೆ ಒರಗಿ ಕೂತರೆ "ಹೂಂ", "ಉಹೂಂ" ಬಿಟ್ಟು ಇನ್ನೇನೂ ಹೊರಡುತ್ತಿರಲಿಲ್ಲ.

ಅಕ್ಕನಿಗೋ ಇಡೀ ದಿನ ಮಾತಿಗೆ ಜನವಿಲ್ಲ. ಅರವತ್ತೊಂದು ವರ್ಷ. ಮೂವತ್ತನಾಲ್ಕು ವರ್ಷ ಟೈಲರ್ ಆಗಿದ್ದವಳು. ಭಾವ ಹೋದಮೇಲೆ ತಂಗಿಯ ಮನೆಗೆ ಹೊಲಿಗೆ ಮೆಷಿನ್ನಿನ ಜೊತೆ ಬಂದು ಒಳಕೋಣೆಯಲ್ಲೇ ಅಂಗಡಿ ಇಟ್ಟಿದ್ದಳು. ಆಮೇಲೆ ಕಣ್ಣಿನೊಳಗಿನ ಒತ್ತಡ ಏರಿ, ಮೊದಲು ಎರಡೂ ಪಕ್ಕದ ನೋಟ ಹೋಯಿತು, ಕೊನೆಗೆ ನಡುವಿನದೂ ಹೋಯಿತು. ಸೂಜಿಗೆ ದಾರ ಪೋಣಿಸಲು ಆಗದ ದಿನ ಅವಳು ಅಳಲಿಲ್ಲ. ಮೆಷಿನ್ನಿಗೆ ಹಳೆಯ ಹೊದಿಕೆಯೊಂದನ್ನು ಮುಚ್ಚಿ, "ಮಲಗು ನೀನೂ" ಅಂದಳು, ಅಷ್ಟೇ.

ಕಣ್ಣಿನ ಆಸ್ಪತ್ರೆಯ ನರ್ಸಮ್ಮನಿಗೆ ಅಕ್ಕನ ಬಾಯಿ ಇಷ್ಟವಾಗಿತ್ತು. ಒಂದು ದಿನ ಅವಳೇ ಅಕ್ಕನ ಫೋನು ತೆಗೆದುಕೊಂಡು ಏನೋ ಒತ್ತಿ, "ನೋಡಿ ಅಮ್ಮಾ, ಇದರಲ್ಲಿ ಹಳೇ ಪುಸ್ತಕಗಳಿವೆ. ಬರೆದವರು ಸತ್ತು ಎಷ್ಟೋ ವರ್ಷ ಆಗಿ, ಈಗ ಯಾರ ಹಕ್ಕೂ ಇಲ್ಲದ ಪುಸ್ತಕಗಳು. ಯಾರು ಬೇಕಾದರೂ ಓದಬಹುದು, ಕೇಳಬಹುದು, ಪುಕ್ಕಟೆ. ಓದಿ ಹಾಕಿರೋರೂ ನಮ್ಮಂಥ ಜನವೇ, ಬಿಡುವಿನಲ್ಲಿ ಓದ್ತಾರೆ" ಅಂದಳು.

ಅಕ್ಕ ಮೊದಲ ನಾಲ್ಕು ತಿಂಗಳು ಹೆಸರಾದವರನ್ನೆಲ್ಲ ಕೇಳಿ ಮುಗಿಸಿದಳು. ಆಮೇಲೆ ಮೂಗು ಮುರಿಯತೊಡಗಿದಳು.

"ದೊಡ್ಡವರ ಪುಸ್ತಕದಲ್ಲಿ ಎಲ್ಲರೂ ದೊಡ್ಡ ದೊಡ್ಡ ಮಾತೇ ಆಡ್ತಾರೆ ಕಣೇ. ಹಾಲಿಟ್ಟು ಮರೆತೆ ಅನ್ನೋರು ಒಬ್ಬರಿಲ್ಲ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಜನ ಕೇಳಿರೋದು ಯಾವುದು ನೋಡು."

"ಯಾರೂ ಕೇಳದೇ ಇರೋದನ್ನ ನೀನ್ಯಾಕೆ ಕೇಳ್ತಿ?"

"ಅಂಗಡಿಯವನು ಮೇಲೆ ಜೋಡಿಸಿಟ್ಟ ಬಟ್ಟೆ ನಾನು ಯಾವತ್ತಾದ್ರೂ ತಂದಿದ್ದು ಉಂಟಾ? ಕೆಳಗೆ ಮೂಲೆಯಲ್ಲಿ ಬಿದ್ದಿರೋ ಥಾನನ್ನೇ ಎಳೆದು ನೋಡ್ತಿದ್ದೆ. ನೋಡು, ನೋಡು."

ಗಿಣಿ ಬೆರಳಾಡಿಸಿ ಪಟ್ಟಿಯ ತಳಕ್ಕೆ ಹೋದಳು. ಅಲ್ಲಿ ಯಾರಿಗೂ ಬೇಡವಾದವರ ಒಂದು ಊರೇ ಇತ್ತು. ಒಬ್ಬ ಅಂಚೆ ಕಚೇರಿಯ ಗುಮಾಸ್ತ ಬರೆದ ಪ್ರವಾಸ, ಒಬ್ಬ ಕಾಂಪೌಂಡರ್ ಬರೆದ ನೆನಪುಗಳು, ತನ್ನ ಕೋಳಿಗಳ ಬಗ್ಗೆ ಮುನ್ನೂರು ಪುಟ ಬರೆದ ನಿವೃತ್ತ ಸಿಪಾಯಿ. ಕೆಲವಕ್ಕೆ ಏಳು ಜನ ಕಿವಿಗೊಟ್ಟಿದ್ದರು, ಕೆಲವಕ್ಕೆ ಮೂವರು. ಕೋಳಿ ಪುಸ್ತಕವನ್ನು ಅಕ್ಕ ಒಂದೇ ವಾರದಲ್ಲಿ ಮುಗಿಸಿ, "ಪಾಪ, ಅವನ ಹೆಂಡತಿ ಹೇಗೆ ಬಾಳಿದಳೋ" ಅಂದಳು. ಹಾಗೆ ಹುಡುಕುತ್ತ ಹುಡುಕುತ್ತ ಸಿಕ್ಕಿದ್ದೇ ಓರಗಿತ್ತಿಯರ ಪುಸ್ತಕ.

ಅದನ್ನು ಬರೆದವಳು ಒಬ್ಬ ಶಾಲಾ ಶಿಕ್ಷಕಿ. ಒಂದೇ ಕಾದಂಬರಿ ಬರೆದು ಸುಮ್ಮನಾದವಳು. ಅವಳ ಫೋಟೋ ಇರಲಿಲ್ಲ, ಹುಟ್ಟಿದ ವರ್ಷವೂ ಇರಲಿಲ್ಲ. ಕಥೆ ಇಷ್ಟೇ: ಅಣ್ಣತಮ್ಮಂದಿರು ಪಾಲಾಗಿ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸುತ್ತಾರೆ. ಗಂಡಂದಿರು ಸತ್ತುಹೋಗುತ್ತಾರೆ. ಆ ಕಡೆ ಹಿರಿಯ ಓರಗಿತ್ತಿ, ಈ ಕಡೆ ಕಿರಿಯವಳು. ಹನ್ನೆರಡು ವರ್ಷ ಒಬ್ಬರಿಗೊಬ್ಬರು ಮಾತಿಲ್ಲ. ಆದರೆ ಗೋಡೆಯಾಚೆ ಯಾವಾಗ ಕೆಮ್ಮಿದರು, ಯಾವಾಗ ಪಾತ್ರೆ ಬಿತ್ತು, ಯಾವಾಗ ಒಲೆ ಹಚ್ಚಿದರು ಎಲ್ಲ ಇಬ್ಬರಿಗೂ ಗೊತ್ತು.

ಓದಿದ್ದು ಒಬ್ಬ ಗಂಡಸು. ಪ್ರತಿ ಅಧ್ಯಾಯದ ಕೊನೆಯಲ್ಲಿ "ಓದಿದವರು, ಒಬ್ಬ ಗಡಿಯಾರ ರಿಪೇರಿಯವ" ಎನ್ನುತ್ತಿದ್ದ. ಹೆಸರಿಲ್ಲ. ದನಿ ಸ್ವಲ್ಪ ಒರಟು, ಆದರೆ ಅವಸರವಿಲ್ಲದ್ದು. ಹಿಂದೆ ಎಲ್ಲೋ ಹತ್ತಾರು ಗಡಿಯಾರಗಳು ತಮ್ಮ ತಮ್ಮ ಪಾಡಿಗೆ ಟಿಕ್ ಟಿಕ್ ಅನ್ನುತ್ತಿದ್ದವು. ಅಧ್ಯಾಯ ಕಳೆದಂತೆ ಆ ದನಿ ಒಡೆಯತೊಡಗಿತು. ಹದಿನೇಳರಲ್ಲಿ ಅವನು ಎರಡು ಸಲ ನೀರು ಕುಡಿದದ್ದು ಕೇಳಿಸಿತು.

ಹತ್ತೊಂಬತ್ತನೇ ಅಧ್ಯಾಯದಲ್ಲಿ ಹಿರಿಯ ಓರಗಿತ್ತಿ ಬೆಳಿಗ್ಗೆ ಎದ್ದು ಕಿವಿಗೊಡುತ್ತಾಳೆ. ಗೋಡೆಯಾಚೆ ಮೂರನೇ ದಿನವೂ ಸದ್ದಿಲ್ಲ. ಒಲೆ ಹಚ್ಚಿದ ಸುಳಿವಿಲ್ಲ. ಬಿಸಿಲು ಏರುತ್ತದೆ. ಕೊನೆಗೆ ಅವಳು ಹೊರಗೆ ಬಂದು, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಕಿರಿಯವಳ ಬಾಗಿಲು ತಟ್ಟುತ್ತಾಳೆ. "ಇಲ್ಲಿಗೆ ಹತ್ತೊಂಬತ್ತನೇ ಅಧ್ಯಾಯ ಮುಗಿಯಿತು. ಓದಿದವರು, ಒಬ್ಬ ಗಡಿಯಾರ ರಿಪೇರಿಯವ."

ಆಮೇಲೆ ಏನೂ ಇಲ್ಲ. ಅಕ್ಕ ಫೋನನ್ನು ಅಲ್ಲಾಡಿಸಿದಳು, ತಟ್ಟಿದಳು, ಕಿವಿಗೆ ಒತ್ತಿಕೊಂಡಳು.

"ಮುಂದಿನದು ಹಾಕೇ."

"ಇಲ್ಲಕ್ಕ. ಇಷ್ಟೇ ಓದಿರೋದು. ಒಟ್ಟು ಇಪ್ಪತ್ತೆಂಟು ಅಧ್ಯಾಯ ಅಂತಿದೆ. ಇದನ್ನ ಹಾಕಿ ಆಗಲೇ ಎರಡು ವರ್ಷ ಆಯ್ತು."

"ಎರಡು ವರ್ಷದಿಂದ ಆ ಹೆಂಗಸು ಬಾಗಿಲು ತಟ್ತಾನೇ ಇದ್ದಾಳಾ?"

ಗಿಣಿಗೆ ನಗು ಬಂತು, ಆದರೆ ನಗಲೂ ಶಕ್ತಿ ಬೇಕಲ್ಲ. "ಪುಸ್ತಕದ ಪುಟಗಳ ಫೋಟೋ ಅದೇ ಜಾಲತಾಣದಲ್ಲಿದೆ" ಎಂದು ಬಾಯಿ ತಪ್ಪಿ ಹೇಳಿಬಿಟ್ಟಳು. ಹೇಳಿದ ಮರುಕ್ಷಣವೇ, ತನ್ನ ಕಾಲಿಗೆ ತಾನೇ ಹಗ್ಗ ಕಟ್ಟಿಕೊಂಡೆ ಅನಿಸಿತು.

"ಹಾಗಾದ್ರೆ ನೀನು ಓದು."

ಮರುದಿನ ಸಂಜೆ ಗಿಣಿ ಓದಲು ಕೂತಳು. ಕಚೇರಿಯಲ್ಲಿ ಅವತ್ತು ಒಂದು ಬಡಾವಣೆಗೇ ನೀರು ಬಂದಿರಲಿಲ್ಲ, ನೂರನಲವತ್ತು ಕರೆ. ಕಣ್ಣಿಗೆ ಕನ್ನಡಕ ಏರಿಸಿ, ಇಪ್ಪತ್ತನೇ ಅಧ್ಯಾಯದ ಮೊದಲ ಸಾಲು ಶುರುಮಾಡಿದಳು. ಅರ್ಧ ಪುಟ ಆಗಿರಲಿಲ್ಲ, ಅಕ್ಕ ಕೈ ಎತ್ತಿದಳು.

"ನಿಲ್ಲಿಸು. ನೀನು ಓದ್ತಿಲ್ಲ, ದೂರು ದಾಖಲಿಸ್ತಿದ್ದೀಯ. ಆ ಹಿರಿಯವಳು ಬಾಗಿಲ ಮುಂದೆ ನಡುಗ್ತಾ ನಿಂತಿದ್ದಾಳೆ, ನೀನು ಅವಳಿಗೆ ಟೋಕನ್ ನಂಬರ್ ಕೊಡೋ ಹಾಗಿದೆ."

ಗಿಣಿ ಕನ್ನಡಕ ತೆಗೆದು ಇಟ್ಟಳು. ಅಷ್ಟು ವರ್ಷದಿಂದ ಹೊಟ್ಟೆಗೆ ಹಾಕಿಕೊಂಡು ಬಂದದ್ದೆಲ್ಲ ಗಂಟಲಿಗೆ ಬಂತು.

"ಬೆಳಗಿಂದ ಊರವರ ಹತ್ರ ಬೈಸಿಕೊಂಡು ಬಂದಿದೀನಿ. ನನ್ನ ಹತ್ರ ಇರೋದು ಇದೊಂದೇ ದನಿ. ಬೇಕಾದ್ರೆ ಕೇಳು, ಬೇಡ ಅಂದ್ರೆ ಬಿಡು. ನೀನು ಸುಮ್ನೆ ಕೂತು ತಪ್ಪು ಹುಡುಕ್ತಿರು, ನಾನು ಮನೇಲೂ ಡ್ಯೂಟಿ ಮಾಡ್ತೀನಿ."

"ಸುಮ್ನೆ ಕೂತು" ಅಂದದ್ದು ಹೊರಗೆ ಬಿದ್ದಮೇಲೆ ಅವಳಿಗೇ ಚುಚ್ಚಿತು. ಆದರೆ ವಾಪಸು ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಅಕ್ಕ ಗೋಡೆ ಹಿಡಿದು ಎದ್ದು ಮಲಗಲು ಹೋದಳು. ಮೂರು ದಿನ ಇಬ್ಬರ ನಡುವೆ ಮಾತಿಲ್ಲ. ಅಕ್ಕ ತಟ್ಟೆ ತೊಳೆದು ದಡಬಡ ಇಡುವುದು, ಗಿಣಿ ಚಿಲಕ ಜೋರಾಗಿ ಹಾಕುವುದು, ಅಷ್ಟೇ ಸಂಭಾಷಣೆ.

ನಾಲ್ಕನೇ ದಿನ ಭಾನುವಾರ. ಗಿಣಿ ಬೆಳಿಗ್ಗೆ ಬೇಗ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾಕೆ ಹೋದಳೋ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಾಗಿಲು ತಟ್ಟಿದ ಆ ಹೆಂಗಸು ಮೂರು ದಿನದಿಂದ ಅವಳ ತಲೆಯೊಳಗೂ ನಿಂತಿದ್ದಳು. ಫೋನನ್ನು ಹೊಲಿಗೆ ಮೆಷಿನ್ನಿಗೆ ಆನಿಸಿ ಇಟ್ಟು, ಸ್ಟೂಲಿನ ಮೇಲೆ ಕೂತಳು. ಕಣ್ಣಲ್ಲೇ ಓದಿಕೊಳ್ಳೋಣ ಅಂದುಕೊಂಡರೆ ಅಕ್ಷರ ಕಲಸಿದವು. ಬಾಯಿ ಬಿಟ್ಟು ಓದಿದರೆ ಮಾತ್ರ ಸಾಲು ಹಿಡಿತಕ್ಕೆ ಬರುತ್ತಿತ್ತು. ಸರಿ, ಮೆಲ್ಲಗೆ ಓದತೊಡಗಿದಳು.

ಕೇಳುವವರಿಲ್ಲವೆಂದು ದನಿಗೆ ಜೇನು ಹಚ್ಚಲಿಲ್ಲ. ಹಚ್ಚಲು ಆಗುತ್ತಲೂ ಇರಲಿಲ್ಲ. ವಾರವಿಡೀ ತೇದುಹೋದ ಆ ದನಿಯ ತಳದಲ್ಲಿ ಏನು ಉಳಿದಿತ್ತೋ ಅದರಲ್ಲೇ ಓದಿದಳು. ಹಿರಿಯವಳು ಎರಡನೇ ಸಲ ತಟ್ಟಿದಳು. ಒಳಗಿಂದ ಚಾಪೆ ಸರಿದ ಸದ್ದು. ಚಿಲಕ ಸರಿಯಿತು. ಕಿರಿಯವಳು ಜ್ವರದಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹನ್ನೆರಡು ವರ್ಷದ ಮೇಲೆ ಓರಗಿತ್ತಿಯ ಮುಖ ನೋಡಿದಳು, ನೋಡಿ ಹೇಳಿದಳು...

ಗಿಣಿ ನಿಲ್ಲಿಸಿದಳು.

"ಯಾಕೆ ನಿಲ್ಲಿಸಿದೆ?" ಬಾಗಿಲಾಚೆಯಿಂದ ಅಕ್ಕನ ದನಿ.

ಅಕ್ಕ ಯಾವಾಗಿಂದ ಅಲ್ಲಿ ಕೂತಿದ್ದಳೋ.

"ಬೆರಳಿದೆ."

"ಏನಿದೆ?"

"ಬೆರಳು. ಪುಟದ ಫೋಟೋ ತೆಗೆಯುವಾಗ ಯಾರೋ ಹೆಬ್ಬೆಟ್ಟು ಇಟ್ಟಿದ್ದಾರೆ. ಕೆಳಗಿನ ನಾಲ್ಕು ಸಾಲು ಅದರಡಿ ಹೋಗಿದೆ. ಅವಳು ಏನು ಹೇಳಿದಳು ಅನ್ನೋದೇ ಕಾಣಲ್ಲ."

ಬಾಗಿಲಾಚೆ ಅಕ್ಕ ನಗತೊಡಗಿದಳು. ಗಿಣಿ ಬಾಗಿಲು ತೆಗೆದಳು. ಅಕ್ಕ ಹೊಸ್ತಿಲ ಪಕ್ಕ ನೆಲದ ಮೇಲೆ, ಮಂಡಿ ಮಡಚಿ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಹನ್ನೆರಡು ವರ್ಷದ ಮೇಲೆ ಬಾಯಿ ಬಿಟ್ಟಳಂತೆ, ಅದಕ್ಕೂ ಯಾವನೋ ಹೆಬ್ಬೆಟ್ಟು ಒತ್ತಿದನಂತೆ!" ಕಣ್ಣು ಒರೆಸಿಕೊಂಡು, ದನಿ ಇಳಿಸಿ, "ಈ ದನಿಯನ್ನ ಇಷ್ಟು ದಿನ ಎಲ್ಲಿಟ್ಟಿದ್ದೆ?" ಅಂದಳು.

"ಯಾವ ದನಿ?"

"ಈಗ ಓದಿದ್ಯಲ್ಲ. ಸುಸ್ತಾಗಿರೋದು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನು ಹೀಗೇ ಮಾತಾಡ್ತಿದ್ದೆ."

ಗಿಣಿ ಅವಳ ಪಕ್ಕ ನೆಲದ ಮೇಲೆ ಕೂತಳು. "ಅವತ್ತು ಹಾಗೆ ಅನ್ನಬಾರದಿತ್ತು" ಎಂದಳು.

"ಬಿಡು. ನಾನೂ ಕೊಂಕು ತೆಗೀಬಾರದಿತ್ತು." ಅಕ್ಕನ ಕೈ ಹುಡುಕಿಕೊಂಡು ಬಂದು ಅವಳ ಮೊಣಕಾಲಿನ ಮೇಲೆ ನಿಂತಿತು. "ಆ ಗಡಿಯಾರದವರಿಗೆ ಬರಿ. ಓದಿದ್ದಾರೆ ಅಂದಮೇಲೆ ಅವರ ಹತ್ರ ಪುಸ್ತಕ ಇರಬೇಕು. ಆ ಬೆರಳಡಿ ಏನಿದೆ ಕೇಳು."

ತಾಣದಲ್ಲಿ ಓದಿದವರಿಗೆ ಸಂದೇಶ ಕಳಿಸಲು ಒಂದು ಜಾಗವಿತ್ತು. ಗಿಣಿ ಕಚೇರಿಯ ಪತ್ರದ ಭಾಷೆಯಲ್ಲಿ ಬರೆದು, ಅಕ್ಕನಿಂದ ಬೈಸಿಕೊಂಡು, ಮತ್ತೆ ಮನೆಮಾತಿನಲ್ಲಿ ಬರೆದಳು. "ನಮ್ಮಕ್ಕನಿಗೆ ಕಣ್ಣು ಕಾಣಿಸುವುದಿಲ್ಲ. ನಿಮ್ಮ ದನಿಯಲ್ಲಿ ಹತ್ತೊಂಬತ್ತು ಅಧ್ಯಾಯ ಕೇಳಿದಳು. ಮುಂದಿನದು ಯಾಕೆ ಓದಲಿಲ್ಲ? ಇನ್ನೂರ ಹನ್ನೆರಡನೇ ಪುಟದ ಕೊನೆಯ ನಾಲ್ಕು ಸಾಲು ದಯವಿಟ್ಟು ತಿಳಿಸಿ."

ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. ಊಟದ ಬಿಡುವಿನಲ್ಲಿ, ಕಚೇರಿಯ ಮೆಟ್ಟಿಲ ಮೇಲೆ ಕೂತು ಗಿಣಿ ಅದನ್ನು ಓದಿದಳು.

"ಅಮ್ಮಾ, ನಮಸ್ಕಾರ. ಯಾರೂ ಕೇಳುತ್ತಿಲ್ಲ ಅಂದುಕೊಂಡಿದ್ದೆ. ನನಗೆ ಗಂಟಲಲ್ಲಿ ಗಡ್ಡೆಯಾಗಿ ಧ್ವನಿಪೆಟ್ಟಿಗೆ ತೆಗೆದುಹಾಕಿದ್ದಾರೆ. ಜೀವಕ್ಕೇನೂ ತೊಂದರೆಯಿಲ್ಲ, ಆರಾಮಾಗಿದ್ದೇನೆ, ಮಾತು ಮಾತ್ರ ಇಲ್ಲ. ಹತ್ತೊಂಬತ್ತನೆಯದನ್ನು ಆಪರೇಷನ್ನಿಗೆ ಎರಡು ದಿನ ಮುಂಚೆ ಓದಿದೆ. ಇಪ್ಪತ್ತನ್ನೂ ಮುಗಿಸಬೇಕಿತ್ತು, ದನಿ ಹೊರಡಲಿಲ್ಲ. ಅವರಿಬ್ಬರನ್ನು ಹಾಗೆ ನಿಲ್ಲಿಸಿ ಬಂದದ್ದು ಇವತ್ತಿಗೂ ಮನಸ್ಸಿಗೆ ಕಸಿವಿಸಿ. ನೀವು ಕೇಳಿದ ಸಾಲು: ಕಿರಿಯವಳು ಅವಳನ್ನು ಮೇಲಿಂದ ಕೆಳಗೆ ನೋಡಿ, 'ಕಾಲು ಒರೆಸಿಕೊಂಡು ಒಳಗೆ ಬಾ, ಈಗಷ್ಟೇ ಗುಡಿಸಿದ್ದೇನೆ' ಎಂದಳು. ಗುಡಿಸಿರಲಿಲ್ಲ. ಮೂರು ದಿನದಿಂದ ಅವಳು ಎದ್ದೇ ಇರಲಿಲ್ಲ."

ಸಂಜೆ ಅದನ್ನು ಓದಿ ಹೇಳಿದಾಗ ಅಕ್ಕ "ಗುಡಿಸಿರಲಿಲ್ಲ" ಎಂದು ತನಗೆ ತಾನೇ ಒಂದು ಸಲ ಹೇಳಿಕೊಂಡಳು. ಆಮೇಲೆ ಕೇಳಿದಳು, "ಅವರು ಅದನ್ನ ಮುಗಿಸಿಕೊಡಿ ಅಂತ ಬರೆದಿದ್ದಾರಾ?"

"ಇಲ್ಲ."

"ಬರೆಯೋರಲ್ಲ ಅವರು. ನೀನೇ ಮುಗಿಸು."

ಗಿಣಿ ಆಗುವುದಿಲ್ಲ ಅಂದಳು. ಸುಸ್ತು ಅಂದಳು, ಟೈಮಿಲ್ಲ ಅಂದಳು, ಗಂಟಲು ಕಟ್ಟುತ್ತೆ ಅಂದಳು. ಮೂರೂ ನಿಜವೇ. ಆದರೆ ಗಂಟಲು ಅನ್ನುವ ಮಾತು ಬಾಯಿಗೆ ಬಂದಾಗ ಆ ಮನುಷ್ಯ ನೆನಪಾಗಿ ಅವಳೇ ನಾಲಿಗೆ ಕಚ್ಚಿಕೊಂಡಳು.

ಆದರೂ ಮುಂದಿನ ಭಾನುವಾರ ಓದಿ ರೆಕಾರ್ಡ್ ಮಾಡಲು ಕೂತಳು. ಹಾಗೇ ಭಾನುವಾರಗಳು ಹೋದವು. ಬೆಳಿಗ್ಗೆ ಒಳಕೋಣೆಯ ಕಿಟಕಿಗೆ ದಪ್ಪ ಹೊದಿಕೆ ಕಟ್ಟಿ, ಫ್ಯಾನ್ ನಿಲ್ಲಿಸಿ, ಬೆವರು ಸುರಿಸುತ್ತ ಗಿಣಿ ಓದುತ್ತಿದ್ದಳು. ಅಕ್ಕ ಬಾಗಿಲ ಹೊರಗೆ ಕಾವಲು. ಕೆಳಮನೆಯವರು ನೀರಿನ ಮೋಟರ್ ಹಾಕಿದರೆ ಅಕ್ಕ ಮೆಟ್ಟಿಲ ಕಂಬಿ ಹಿಡಿದು, "ಅರ್ಧ ಗಂಟೆ ನಿಲ್ಲಿಸ್ರಪ್ಪಾ, ಒಳಗೆ ರೆಕಾರ್ಡಿಂಗ್ ನಡೀತಿದೆ" ಎಂದು ಕೂಗುತ್ತಿದ್ದಳು. ಆ ಕೂಗೇ ರೆಕಾರ್ಡ್ ಆಗಿ ಇಡೀ ಪುಟ ಮತ್ತೆ ಓದಬೇಕಾಗುತ್ತಿತ್ತು. ಇಪ್ಪತ್ತನೆಯದು ಮುಗಿದಾಗ ಏನು ಹೇಳಬೇಕೆಂದು ತಿಳಿಯದೆ ಗಿಣಿ, "ಓದಿದವರು, ಒಬ್ಬ ಫೋನ್ ಆಪರೇಟರ್" ಎಂದಳು.

ಗಡಿಯಾರದವರು ಪ್ರತಿ ಅಧ್ಯಾಯವನ್ನೂ ಕೇಳಿ ತಿದ್ದುಪಡಿ ಕಳಿಸುತ್ತಿದ್ದರು. ಹೊಗಳಿಕೆ ಒಂದಕ್ಷರ ಇರುತ್ತಿರಲಿಲ್ಲ. "ಇಪ್ಪತ್ತೊಂದು, ನಾಲ್ಕನೇ ನಿಮಿಷ: 'ಹಳಸಿದ' ಅಲ್ಲ, 'ಹಳೆಯದಾದ'. ಒಂಬತ್ತನೇ ನಿಮಿಷ: ಪಾತ್ರೆ ಬಿದ್ದ ಮೇಲೆ ಸ್ವಲ್ಪ ನಿಲ್ಲಬೇಕು, ಆಕೆಯೂ ಬೆಚ್ಚಿದ್ದಾಳೆ." ಗಿಣಿಗೆ ಮೈ ಉರಿಯುತ್ತಿತ್ತು. ಕಚೇರಿಯಲ್ಲೂ ಮೇಲ್ವಿಚಾರಕರು ಕರೆಗಳನ್ನು ಕದ್ದು ಕೇಳಿ ತಪ್ಪು ಹುಡುಕುತ್ತಾರೆ, ಇಲ್ಲೂ ಅದೇ ಹಣೆಬರಹ ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಮತ್ತೆ ಓದುತ್ತಿದ್ದಳು. ಮತ್ತೆ ಓದಿದಾಗ ಅವರು ಹೇಳಿದ್ದೇ ಸರಿ ಎಂದು ಗೊತ್ತಾಗುತ್ತಿತ್ತು; ಅದು ಇನ್ನೂ ಸಿಟ್ಟು ತರಿಸುತ್ತಿತ್ತು.

ಕೊನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಮೂರು ತಿಂಗಳಾಗಿತ್ತು. ಬೇಸಿಗೆ ನೆತ್ತಿಗೇರಿ ಕಚೇರಿಯಲ್ಲಿ ಕರೆಗಳು ಎರಡರಷ್ಟಾಗಿದ್ದವು. ಗಿಣಿ ಇಪ್ಪತ್ತೆಂಟನೆಯದನ್ನು ಒಂದೇ ಉಸಿರಿಗೆ ಓದಿ, ಕಳಿಸಿ, ದಿಂಬಿಗೆ ತಲೆ ಕೊಟ್ಟಳು. ಎರಡು ದಿನಕ್ಕೆ ಉತ್ತರ ಬಂತು. ಈ ಸಲ ಪಟ್ಟಿಯಿಲ್ಲ.

"ಓಡಿದ್ದೀರಿ. ಮುಗಿದರೆ ಸಾಕು ಎಂದು ಓಡಿದ್ದೀರಿ. ನನಗೆ ಅರ್ಥವಾಗುತ್ತದೆ. ಆದರೆ ಇದೊಂದನ್ನು ಬಿಡಲಾರೆ. ನಾವಿರುವುದು ಒಂದೇ ಊರಲ್ಲಿ ಎಂದು ನಿಮ್ಮ ಕಿಟಕಿಯಾಚೆ ಬಸ್ ಕಂಡಕ್ಟರ್ ಕೂಗಿದ ಸ್ಟಾಪಿನ ಹೆಸರಿನಿಂದ ಗೊತ್ತಾಯಿತು. ಅಕ್ಕನವರನ್ನೂ ಕರೆದುಕೊಂಡು ಮನೆಗೆ ಬನ್ನಿ. ಕಾಗದದ ಪುಸ್ತಕ ನೋಡಿ ಓದಿ."

"ನಾನು ಬರಲ್ಲ" ಅಂದಳು ಗಿಣಿ. "ನನಗೇನು ಸಂಬಳ ಕೊಡ್ತಾರಾ ಇವರು? ಮುಗಿಸಿದ್ದೀನಿ, ಆಯ್ತು."

"ಯಾವ ಸೀರೆ ಉಟ್ಟುಕೊಳ್ಳಲಿ?" ಅಂದಳು ಅಕ್ಕ.

ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋದರು. ಬಾಗಿಲು ತೆಗೆದವಳು ಅವರ ಸೊಸೆ. ಒಳಗೆ ಗಡಿಯಾರಗಳ ಸದ್ದು ಕಿವಿಗೆ ಬಿದ್ದದ್ದೇ ಅಕ್ಕ ನಿಂತುಬಿಟ್ಟಳು. "ಇದೇ ಮನೆ" ಎಂದಳು, ಚಿಕ್ಕಂದಿನಲ್ಲಿ ಇದ್ದ ಮನೆಗೆ ಮರಳಿ ಬಂದವಳಂತೆ.

ಗಡಿಯಾರದವರು ಎಪ್ಪತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿತ್ತು, ಅದರ ಹಿಂದಿನಿಂದ ಉಸಿರು ಸಣ್ಣಗೆ ಸುಂಯ್ ಎನ್ನುತ್ತಿತ್ತು. ಎದುರಿಗೆ ಒಂದು ನೋಟ್‌ಪುಸ್ತಕ, ಪೆನ್ನು. ಕೈಮುಗಿದು ಕೂರಿಸಿದರು. ಟೀ ಬಂತು. ಟೀ ಆರುವ ಮೊದಲೇ ಜಗಳ ಶುರುವಾಯಿತು.

ಅವರು ಬರೆದರು, ಗಿಣಿ ಓದಿ ಹೇಳಿದಳು: "ನಿಮ್ಮ ತಂಗಿ ಹಿರಿಯವಳನ್ನು ತೀರಾ ಮೆತ್ತಗೆ ಓದುತ್ತಾರೆ. ಅವಳು ಗಟ್ಟಿಗಿತ್ತಿ."

"ಅವರಿಗೆ ಹೇಳು," ಅಕ್ಕ ಗಿಣಿಯ ಕಡೆ ತಿರುಗಿ ಅಂದಳು, "ಗಟ್ಟಿಗಿತ್ತಿ ಆಗಿದ್ರೆ ಹನ್ನೆರಡು ವರ್ಷ ಗೋಡೆಗೆ ಕಿವಿ ಕೊಟ್ಟು ಕೂರ್ತಿರಲಿಲ್ಲ ಅಂತ."

"ಅಕ್ಕಾ, ಅವರಿಗೆ ಕಿವಿ ಚೆನ್ನಾಗಿ ಕೇಳುತ್ತೆ. ಅವರಿಗೇ ಹೇಳು."

"ಉತ್ತರ ನಿನ್ನ ಬಾಯಿಂದ ತಾನೇ ಬರೋದು? ಅದಕ್ಕೇ ನಿನಗೆ ಹೇಳ್ತಿದ್ದೀನಿ."

ಪೆನ್ನು ಪರಪರ ಓಡಿತು. ಗಿಣಿ ಓದಿದಳು. ಅಕ್ಕ ತಿರುಗೇಟು ಕೊಟ್ಟಳು. ಮತ್ತೆ ಪೆನ್ನು. ಒಬ್ಬರಿಗೆ ದನಿಯಿಲ್ಲ, ಒಬ್ಬರಿಗೆ ಕಣ್ಣಿಲ್ಲ, ನಡುವೆ ಗಿಣಿ. ರಜೆಯ ದಿನವೂ ಲೈನು ಜೋಡಿಸುವ ಕೆಲಸವೇ ಗತಿ. ಒಂದು ಹಂತದಲ್ಲಿ ಇಬ್ಬರ ಮಾತನ್ನೂ ಹೇಳುತ್ತ ಹೇಳುತ್ತ, ತಾನು ಯಾರ ಪಕ್ಷ ಎನ್ನುವುದೇ ಮರೆತುಹೋಗಿ, "ದಯವಿಟ್ಟು ಲೈನಿನಲ್ಲೇ ಇರಿ" ಎಂದುಬಿಟ್ಟಳು. ಸೊಸೆ ಅಡುಗೆಮನೆಯಿಂದ ಕಿಸಕ್ಕೆಂದಳು. ಗಡಿಯಾರದವರ ಭುಜ ಕುಣಿಯಿತು. ಅವರು ನಗುವುದು ಹಾಗೆ, ಸದ್ದಿಲ್ಲದೆ.

ಆಮೇಲೆ ಅವರು ಪುಸ್ತಕ ತಂದರು. ಕಂದು ಬಣ್ಣಕ್ಕೆ ತಿರುಗಿದ ಪುಟಗಳು, ಬೆನ್ನಿಗೆ ಅಂಟಿಸಿದ ಬಟ್ಟೆ. ಅಕ್ಕ ಅದನ್ನು ಮೊದಲು ತನ್ನ ಕೈಗೆ ತೆಗೆದುಕೊಂಡು ಬೆನ್ನನ್ನು ಸವರಿ, "ಹೊಲಿಗೆ ಗಟ್ಟಿಯಾಗಿದೆ" ಎಂದು ತೀರ್ಪು ಕೊಟ್ಟಳು. ಸೊಸೆ ಕಿಟಕಿ ಮುಚ್ಚಿದಳು. ಗಡಿಯಾರದವರು ಒಂದೊಂದೇ ಗಡಿಯಾರದ ಲೋಲಕ ಹಿಡಿದು ನಿಲ್ಲಿಸಲು ಹೋದಾಗ ಅಕ್ಕ, "ಅದನ್ನ ಬಿಡಿ, ಇರಲಿ" ಎಂದಳು. ಅವರು ಬಿಟ್ಟು ಬಂದು ಗಿಣಿಯ ಎದುರಿಗೇ ಕೂತರು.

ಗಿಣಿ ಓದಿದಳು. ಕೊನೆಯ ಅಧ್ಯಾಯದಲ್ಲಿ ಮಳೆಗೆ ಮಾಡು ಸೋರಿ ಗೋಡೆ ನೆನೆದು ಬೀಳುವಂತಾಗುತ್ತದೆ. ಓರಗಿತ್ತಿಯರಿಬ್ಬರೂ ಅದನ್ನು ಕೆಡವಿಸುತ್ತಾರೆ. ಎರಡು ಮನೆ ಒಂದಾಗುತ್ತದೆ. ಆದರೆ ಇಬ್ಬರಿಗೂ ನಿದ್ದೆ ಬರುವುದಿಲ್ಲ. ಆಕೆ ಮಗ್ಗುಲು ಬದಲಿಸಿದ್ದೆಲ್ಲ ಈಕೆಗೆ ಕಾಣುತ್ತದೆ. ವಾರ ಕಳೆದು ಇಬ್ಬರೂ ನಾಚಿಕೆಯಿಂದ ಗಾರೆಯವನನ್ನು ಕರೆಸಿ, ಗೋಡೆ ಮತ್ತೆ ಕಟ್ಟು, ಈ ಸಲ ನಡುವೆ ಒಂದು ಬಾಗಿಲು ಇಡು ಅನ್ನುತ್ತಾರೆ. ಚಿಲಕ ಯಾವ ಕಡೆಗೆ ಅಮ್ಮಾ ಎಂದು ಅವನು ಕೇಳುತ್ತಾನೆ.

ಅಲ್ಲಿಯ ತನಕ ಗಿಣಿ ಸಾಲುಗಳ ಮೇಲೆ ಜಾರುತ್ತಲೇ ಇದ್ದಳು. ಪುಟ ತಿರುಗಿಸಲು ತಲೆ ಎತ್ತಿದಾಗ ಕಂಡಿತು: ಗಡಿಯಾರದವರ ತುಟಿ ಅಲ್ಲಾಡುತ್ತಿತ್ತು. ಕಣ್ಣು ಮುಚ್ಚಿದ್ದರು. ಪುಸ್ತಕ ಅವರಿಗೆ ಬಾಯಿಪಾಠ. ಅವಳು ಓದುತ್ತಿದ್ದ ಸಾಲನ್ನೇ ಅವರೂ ಓದುತ್ತಿದ್ದರು, ದನಿಯಿಲ್ಲದೆ, ಅವಳಿಗಿಂತ ಅರ್ಧ ಸಾಲು ಹಿಂದೆ. ಅವಳು ಓಡುತ್ತಿದ್ದಳು, ಅವರು ಹಿಂದೆ ಉಳಿಯುತ್ತಿದ್ದರು.

ಗಿಣಿ ಒಂದು ಗುಟುಕು ನೀರು ಕುಡಿದಳು. "ಮೊದಲಿಂದ ಓದ್ತೀನಿ" ಎಂದು ಅಧ್ಯಾಯದ ಮೊದಲ ಪುಟಕ್ಕೆ ಹೋದಳು. ಈ ಸಲ ಒಂದು ಕಣ್ಣು ಪುಟದ ಮೇಲಿಟ್ಟು, ಒಂದು ಕಣ್ಣು ಅವರ ತುಟಿಯ ಮೇಲಿಟ್ಟಳು. ಅವರು ನಿಂತಲ್ಲಿ ನಿಂತಳು. ಅವರು ಹೊರಟಾಗ ಹೊರಟಳು. ದಣಿವು ಎಲ್ಲೂ ಹೋಗಿರಲಿಲ್ಲ, ಭುಜದ ಮೇಲೇ ಕೂತಿತ್ತು. ಆದರೆ ಅದನ್ನು ಹೊತ್ತುಕೊಂಡೇ ನಿಧಾನವಾಗಿ ನಡೆಯಬಹುದು ಅನಿಸಿತು. ಚಿಲಕ ಯಾವ ಕಡೆಗೆ ಎಂದು ಗಾರೆಯವನು ಕೇಳಿದಾಗ ಓರಗಿತ್ತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಒಟ್ಟಿಗೇ "ಬೇಡ" ಅನ್ನುತ್ತಾರೆ. ಆ ಒಂದು ಮಾತಿಗೆ ಮುಂಚೆ ಗಡಿಯಾರದವರ ತುಟಿ ಎಷ್ಟು ಹೊತ್ತು ಮುಚ್ಚಿತ್ತೋ ಅಷ್ಟು ಹೊತ್ತು ಗಿಣಿಯೂ ಸುಮ್ಮನಿದ್ದಳು. ಕೋಣೆಯಲ್ಲಿ ಗಡಿಯಾರಗಳಷ್ಟೇ ಮಾತಾಡಿದವು.

ಮುಗಿದ ಮೇಲೆ ಗಡಿಯಾರದವರು ಕುತ್ತಿಗೆಯ ಬಟ್ಟೆ ಸರಿಮಾಡಿಕೊಂಡರು, ನೋಟ್‌ಪುಸ್ತಕ ಎಳೆದುಕೊಂಡು ಏನೋ ಬರೆಯಲು ಹೊರಟರು, ಬರೆಯದೆ ಪೆನ್ನು ಕೆಳಗಿಟ್ಟರು.

"ಏನು ಬರೆದರು?" ಅಕ್ಕ ಪಿಸುಗುಟ್ಟಿದಳು.

"ಏನೂ ಇಲ್ಲ."

"ಹಾಗಾದ್ರೆ ಸರಿಯಾಗಿದೆ."

ಹೊರಡುವಾಗ ಅವರು ಬೀರು ತೆಗೆದು ತೋರಿಸಿದರು. ಇನ್ನೂ ಒಂಬತ್ತು ಹಳೆಯ ಪುಸ್ತಕ, ಯಾರೂ ಓದಿ ಹಾಕಿರದವು. ಒಬ್ಬ ಸೂಲಗಿತ್ತಿ ಹೇಳಿ ಬರೆಸಿದ್ದು ಒಂದು, ಲೆಕ್ಕದ ಮೇಷ್ಟ್ರು ಬರೆದ ಪತ್ತೇದಾರಿ ಕಥೆ ಒಂದು. ಅಕ್ಕನ ಕಿವಿ ನಿಮಿರಿದ್ದನ್ನು ನೋಡಿ ಗಿಣಿ ಮೊದಲೇ ಕೈ ಅಡ್ಡ ಹಿಡಿದಳು.

"ಯಜಮಾನರೇ, ಈಗ ಬೇಡ. ನಿಜ ಹೇಳ್ತೀನಿ, ತುಂಬಾ ಸುಸ್ತಾಗಿದೆ. ಮಳೆ ಶುರುವಾಗಲಿ, ನಮ್ಮ ಕಚೇರಿಯಲ್ಲಿ ಫೋನು ಕಡಿಮೆಯಾಗುತ್ತೆ. ಆಗ ನೋಡೋಣ."

ಅವರು ತಲೆಯಾಡಿಸಿದರು, ಬೀರು ಮುಚ್ಚಿದರು. ಆದರೆ ಮೆಟ್ಟಿಲಿಳಿಯುವಾಗ ಅಕ್ಕನ ಚೀಲ ಬಂದಾಗಿನದಕ್ಕಿಂತ ಭಾರವಾಗಿದ್ದುದು ಗಿಣಿಗೆ ಗೊತ್ತಾಯಿತು. ಯಾವ ಪುಸ್ತಕ ಅಂತ ಕೇಳಲಿಲ್ಲ. ಇವರಿಬ್ಬರೂ ಅವಳ ಬಾಯಿಯ ಸಹಾಯವಿಲ್ಲದೆ ಯಾವಾಗ ಮಾತಾಡಿಕೊಂಡರೋ ಅದೂ ತಿಳಿಯಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಅವರ ಮುಖ ಹೇಗಿದೆ ಎಂದು ಅಕ್ಕ ಕೇಳಿದಳು. ಉದ್ದ ಮೂಗು, ಕಿವಿಯ ಮೇಲೆ ಕೂದಲು, ಎಡಗಣ್ಣಿನ ಸುತ್ತ ಮಸೂರ ಇಟ್ಟು ಇಟ್ಟು ಬಿದ್ದ ಗುಂಡನೆಯ ಗೆರೆ ಎಂದು ಗಿಣಿ ಹೇಳುತ್ತ ಹೋದಳು. ಹೇಳುತ್ತಿದ್ದ ಹಾಗೇ ಅವಳ ರೆಪ್ಪೆ ಜಾರಿತು. ಅಕ್ಕನೂ ಅವಳ ಭುಜಕ್ಕೆ ತಲೆಯಿಟ್ಟಳು. ಕಂಡಕ್ಟರ್ ಬಂದು ತಟ್ಟಿ, "ಏನಮ್ಮಾ, ಡಿಪೋಗೆ ಬರ್ತೀರಾ?" ಅಂದಾಗ ಬಸ್ಸು ಅವರ ಸ್ಟಾಪು ಬಿಟ್ಟು ಎರಡು ಸ್ಟಾಪು ಮುಂದೆ ಬಂದಾಗಿತ್ತು.

ಇಳಿದು ನಡೆದರು. ತಪ್ಪು ಯಾರದೆಂದು ಮೊದಲ ಸ್ಟಾಪಿನ ತನಕ ವಾದವಾಯಿತು. ಅಲ್ಲಿಂದ ಮುಂದೆ ಅಕ್ಕ ತಂಗಿಯ ಮೊಣಕೈ ಹಿಡಿದು, ಫುಟ್‌ಪಾತಿನ ಅಂಚನ್ನು ಕಾಲಿನಿಂದ ತಡವುತ್ತ ಬಂದಳು. ಗಿಣಿ ಗುಂಡಿ ಬಂದಲ್ಲಿ "ಗುಂಡಿ" ಎಂದಳು, ಮೆಟ್ಟಿಲು ಬಂದಲ್ಲಿ "ಮೆಟ್ಟಿಲು" ಎಂದಳು.